ಎಡಕ್ಕೆ ಮಡಿಸಿದ ಪೊಟ್ಟಣ

ತಾಳವಾಡಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ನಾಟಿ ಮದ್ದಿನ ಅಂಗಡಿ. ಅಂಗಡಿ ಪ್ರಭುಸ್ವಾಮಿಯದು, ಮದ್ದು ಅವನ ಅಪ್ಪ ಗುರುಮಲ್ಲಪ್ಪನದು, ಕೈ ಮಾತ್ರ ದೊಡ್ಡಮಾದಮ್ಮನದು ಎಂದು ಜನ ಆಡಿಕೊಳ್ಳುತ್ತಿದ್ದರು. ಮಕ್ಕಳ ಹೊಟ್ಟೆಹುಳಕ್ಕೆ ಕೊಡುವ ಕಂದು ಬಣ್ಣದ ಪುಡಿ ಅದು. ಚಿಟಿಕೆಯಷ್ಟು ಪುಡಿ ಅಂಗೈಯಗಲದ ಕಾಗದದಲ್ಲಿ ಕೂತು, ಮೂರು ಮಡಿಕೆ ಬಿದ್ದು, ಕೊನೆಯ ಮೂಲೆ ಒಳಗೆ ಸಿಕ್ಕಿಕೊಂಡರೆ ಪೊಟ್ಟಣ ಆಯಿತು. ಬಿಚ್ಚುವವರು ಬಿಚ್ಚುವ ತನಕ ಅದು ತಾನಾಗಿ ಬಿಚ್ಚಿಕೊಳ್ಳುತ್ತಿರಲಿಲ್ಲ.

ದೊಡ್ಡಮಾದಮ್ಮನ ಕೈಗುಣ ದೊಡ್ಡದು ಎಂದು ಜೀರಹಳ್ಳಿಯ ಕಾಡಂಚಿನಿಂದ ಹಿಡಿದು ಗುಮಟಾಪುರದ ತನಕ ಹೆಸರಿತ್ತು. ಅವಳ ಬಾಯಿಗೂ ಅಷ್ಟೇ ಹೆಸರಿತ್ತು.

"ಮಗ ಒಸಿ ದಪ್ಪಗವ್ನೆ ಕನವ್ವ, ಒಂಚೂರು ಜಾಸ್ತಿ ಹಾಕು" ಎಂದು ಯಾವ ತಾಯಿಯಾದರೂ ಕೇಳಿದರೆ ಮುಗಿಯಿತು.

"ಯಾಕ? ವಾರವೆಲ್ಲ ಮಗೀನ ಬೇಲಿ ಸಂದಿಲಿ ಕುಂಡ್ರುಸ್ಬೇಕು ಅಂತಿದ್ದಿಯಾ? ಮದ್ದು ಕನಮ್ಮಿ ಇದು, ಮಾದಪ್ಪನ ಪರ್ಸಾದ ಅಲ್ಲ ಬೊಗಸೆ ಒಡ್ಡಕ!"

ಆ ಪುಡಿಯಲ್ಲಿ ಭೇದಿ ಮಾಡಿಸುವ ಒಂದು ಕಾಯಿ ಇತ್ತು. ಅಳತೆ ತಪ್ಪಿದರೆ ಹುಳದ ಜೊತೆಗೆ ಮಗುವಿನ ಜೀವವನ್ನೂ ಎಳೆದುಕೊಂಡು ಹೋಗುವಂಥದ್ದು.

ಅವಳು ಆ ಅಂಗಡಿಗೆ ಬಂದದ್ದು ಅಂಗಳ ಗುಡಿಸಲು. ಕೂಲಿಯವರ ಮನೆಯ ಹೆಣ್ಣು, ಗಂಡ ಸತ್ತು ಆಗಿನ್ನೂ ಬಳೆ ಒಡೆದ ಗಾಯ ಮಾಗಿರಲಿಲ್ಲ. ಗುರುಮಲ್ಲಪ್ಪ ಒಂದು ದಿನ ಅವಳು ಗುಡಿಸಿದ ಕಸವನ್ನು ನೋಡಿದರು. ಗಾಳಿಗೂ ಒಂದು ಕಡ್ಡಿ ಹಾರದಂತೆ ಅದನ್ನು ಗುಡ್ಡೆ ಮಾಡಿದ್ದಳು. "ಮಾದವ್ವ, ಕೈ ತೊಳ್ಕಂಡು ಬಾ" ಎಂದರು. ಪುಟ್ಟ ಹಿತ್ತಾಳೆ ಚಮಚ ಕೊಟ್ಟು, ತುಂಬಿದ ಪುಡಿಯನ್ನು ತೆಂಗಿನ ಕಡ್ಡಿಯಿಂದ ಅಂಚಿಗೆ ಸಮ ಸವರುವುದನ್ನು ಕಲಿಸಿದರು. ಬೆಳಗಿನ ಮೊದಲ ಚಮಚ ಮಾದಪ್ಪನ ಪಟದ ಮುಂದೆ ಇಡುವುದನ್ನೂ ಅವರೇ ಕಲಿಸಿದ್ದು.

ಮೊದಲ ದಿನವೇ ಅವಳು ತಪ್ಪು ಮಾಡಿದಳು. ಕಾಗದವನ್ನು ಬಲಕ್ಕೆ ಮಡಿಸುವ ಬದಲು ಎಡಕ್ಕೆ ಮಡಿಸಿದಳು. ಮುದುಕರು ಪೊಟ್ಟಣ ಕಸಿದು ಬಚ್ಚಲಿಗೆ ಎಸೆದರು.

"ಗುಣಿಗೆ ಹಾಕಕ ಕಟ್ಟಿದ್ದಿಯಾ ಇದ? ಬದುಕಿರೋರಿಗೆ ಬಲಮಡಿಕೆ. ಎಡಮಡಿಕೆ ಸತ್ತೋರಿಗೆ. ಗೊತ್ತಿಲ್ವ ನಿಂಗ?"

ಗೊತ್ತಿತ್ತು. ಆ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಹೆಣದ ಎದೆಯ ಮೇಲಿಟ್ಟು ಮಣ್ಣು ಮಾಡುವ ವಿಭೂತಿ, ಎಳ್ಳಿನ ಪೊಟ್ಟಣವನ್ನು ಎಡಕ್ಕೇ ಮಡಿಸುವುದು. ಗಂಡನಿಗಾಗಿ ಅವಳೇ ಅದನ್ನು ಮಡಿಸಿದ್ದಳು. ಕೈ ಇನ್ನೂ ಅದನ್ನು ಮರೆತಿರಲಿಲ್ಲ, ಅಷ್ಟೆ. ಆಮೇಲೆ ಒಂದು ದಿನವೂ ಅವಳ ಕೈ ಎಡಕ್ಕೆ ಹೋಗಲಿಲ್ಲ.

ಗುರುಮಲ್ಲಪ್ಪ ತೀರಿಕೊಂಡರು. ಮಗ ಪ್ರಭುಸ್ವಾಮಿ ಗದ್ದುಗೆ ಏರಿದ. ಅಪ್ಪನ ಬಾಯಲ್ಲಿ ಮಾದವ್ವ ಆಗಿದ್ದವಳು ಮಗನ ಬಾಯಲ್ಲಿ ಮಾದಿ ಆದಳು. ಮರುವರ್ಷದ ಬೇಸಿಗೆಯಲ್ಲಿ ಕೊಯಮತ್ತೂರಿನಿಂದ ಒಂದು ಮಿಷಿನ್ನು ಬಂತು. ಸೊಂಟದೆತ್ತರದ ಉಕ್ಕಿನ ಕಾಲುಗಳ ಮೇಲೆ ದೊಡ್ಡ ಆಲಿಕೆ, ಆಲಿಕೆಯ ಗಂಟಲೊಳಗೆ ಒಂದು ತಿರುಪು. ಕರೆಂಟು ಹಾಕಿ ಕೆಳಗಿನ ಪೆಡಲನ್ನು ಕಾಲಿನಿಂದ ಒತ್ತಿದರೆ ತಿರುಪು ಒಂದು ಸುತ್ತು ತಿರುಗಿ ಚಿಟಿಕೆ ಪುಡಿಯನ್ನು ಪ್ಲಾಸ್ಟಿಕ್ ಪಾಕೀಟಿಗೆ ಉದುರಿಸಿ ನಿಲ್ಲುತ್ತಿತ್ತು. ಅದರ ಜೊತೆಗೆ ಅದನ್ನು ನಡೆಸಲು ಸತ್ಯಮಂಗಲದಿಂದ ಸೆಲ್ವಿ ಎಂಬ ಹೆಂಗಸೂ ಬಂದಳು. ತಲೆಗೆ ಬಿಳಿ ಟೋಪಿ, ಕೈಗೆ ರಬ್ಬರ್ ಗ್ಲೌಸು.

ದೊಡ್ಡಮಾದಮ್ಮ ಅವಳನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು. "ಏನಮ್ಮಿ, ಸೂಲಗಿತ್ತಿಯಾ ನೀನು? ಯಾರ ಎರಿಗೆ ಮಾಡ್ಸಕ ಬಂದಿದ್ದಿಯೆ?"

"ನಿಂದೇ ಪಾಟಿ. ವಯಸ್ಸಾದ ಮೇಲೆ ಕಷ್ಟ ಅಲ್ವಾ, ಅದಕ್ಕೆ ಮಿಷಿನ್ ತಂದೆ" ಎಂದಳು ಸೆಲ್ವಿ.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಪ್ರಭುಸ್ವಾಮಿಯೂ ನಕ್ಕ. ಅಜ್ಜಿ ಎಂದು ಕರೆಸಿಕೊಂಡದ್ದಕ್ಕಲ್ಲ, ಆ ನಗುವಿಗೆ ದೊಡ್ಡಮಾದಮ್ಮನ ಹೊಟ್ಟೆಯಲ್ಲಿ ಕೆಂಡ ಬಿತ್ತು. ಅಂದು ಬಿದ್ದದ್ದು ಆರಲಿಲ್ಲ.

ಅವಳಿಗೆ ಅಂಗಡಿಯಲ್ಲಿ ಕೆಲಸವಿಲ್ಲದಂತಾಯಿತು. ಮತ್ತೆ ಪೊರಕೆ ಕೈಗೆ ಬಂತು. ಆದರೆ ಊರ ನಲ್ಲಿಯ ಹತ್ತಿರ ಬಾಯಿಗೆ ಕೆಲಸವಿತ್ತು. ಬಿಂದಿಗೆ ತುಂಬುವ ಹೆಂಗಸರ ನಡುವೆ ಅವಳು ಒಂದೇ ಒಂದು ಮಾತು ಬಿತ್ತಿದಳು: "ನಮ್ ಅಂಗಡಿಲಿ ಈಗ ಮದ್ದ ಕಾಲಲ್ಲಿ ತುಳ್ದು ಕೊಡ್ತಾರ ಕನ್ರವ್ವ."

ಅಷ್ಟು ಸಾಕಾಯಿತು. ಅನ್ನವನ್ನು, ಪುಸ್ತಕವನ್ನು, ಮದ್ದನ್ನು ಕಾಲಿಗೆ ತಾಕಿಸಿದರೆ ಕಣ್ಣಿಗೊತ್ತಿಕೊಳ್ಳುವ ಜನ ಅವರು. ಕೈ ಮುಟ್ಟದ ಮದ್ದು, ಅದರ ಮೇಲೆ ಕಾಲಲ್ಲಿ ತುಳಿದ ಮದ್ದು! ಪ್ಲಾಸ್ಟಿಕ್ ಪಾಕೀಟುಗಳು ಅಂಗಡಿಯ ಗಾಜಿನ ಜಾಡಿಯಲ್ಲಿ ಹಾಗೆಯೇ ಉಳಿದವು. "ದೊಡ್ಡಮಾದಮ್ಮನ ಕೈಲಿ ಕಟ್ಸಿದ್ರ ಕೊಡಿ, ಇಲ್ದಿದ್ರ ಬ್ಯಾಡಿ" ಎಂದು ಬಂದವರು ಬಂದ ದಾರಿ ಹಿಡಿದರು.

ಪ್ರಭುಸ್ವಾಮಿ ಮಿಷಿನ್ನನ್ನು ಒಳಕೋಣೆಗೆ ಸಾಗಿಸಿ ಬಾಗಿಲಿಗೆ ಪರದೆ ಕಟ್ಟಿಸಿದ. ದೊಡ್ಡಮಾದಮ್ಮನನ್ನು ಕರೆದು ಹಳೆಯ ಹಲಗೆಯ ಮೇಲೆ, ಬೀದಿಗೆ ಕಾಣುವಂತೆ ಕೂರಿಸಿದ.

"ಒಳಗಿಂದ ಕಾಗದದ ಮೇಲೆ ಪುಡಿ ಹಾಕಿ ಕಳಿಸ್ತಾರ. ನೀನು ಮಡ್ಸು. ಬಾಯಿ ಮಾತ್ರ ಬುಡಬ್ಯಾಡ."

"ಅಂದ್ರ, ಅದು ಉದುರ್ಸದು, ನಾನು ಬಳ್ಕೊಳ್ಳದು. ಅಂಗಾ ಬುದ್ದಿ?"

"ಆಗ್ದಿದ್ರ ಎದ್ದೋಗು. ಮಡ್ಸಕ ಜನ ಇಲ್ವ?"

ಬೇರೆ ಜನ ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಮಡಿಸಿದರೆ ಮಿಷಿನ್ನಿನ ಮದ್ದಿಗೆ ಅವಳ ಹೆಸರು ಅಂಟುತ್ತದೆ, ಮಡಿಸದಿದ್ದರೆ ಆ ಹಲಗೆ ಹೋಗುತ್ತದೆ. ಅವಳು ಹಲಗೆಯನ್ನು ಬಿಡಲಾರದೆ ಕೂತಳು.

ಒಂದು ಮಧ್ಯಾಹ್ನ, ಸೆಲ್ವಿ ಊಟಕ್ಕೆ ಹೋದಾಗ, ದೊಡ್ಡಮಾದಮ್ಮ ಗುರುಮಲ್ಲಪ್ಪನವರ ಪುಟ್ಟ ತಕ್ಕಡಿ ತೆಗೆದು ಗುಲಗಂಜಿ ಹಾಕಿ ಮಿಷಿನ್ನಿನ ಪುಡಿಯನ್ನು ತೂಗಿ ನೋಡಿದಳು. ಒಂದರಂತೆ ಇನ್ನೊಂದು. ತಾನು ಅಳೆದದ್ದನ್ನೂ ತೂಗಿದಳು. ತಕ್ಕಡಿಯ ಮುಳ್ಳು ಒಮ್ಮೆ ಅತ್ತ, ಒಮ್ಮೆ ಇತ್ತ ಕೂದಲೆಳೆಯಷ್ಟು ಅಲುಗಿತು. ತಕ್ಕಡಿಯನ್ನು ಎತ್ತಿಟ್ಟು, ಮಿಷಿನ್ನಿನ ಕಾಲಿಗೆ ಥೂ ಎಂದು ಉಗಿದಳು. ಅದು ಸರಿಯಾಗಿತ್ತು ಎಂಬುದೇ ಅವಳಿಗೆ ಆದ ದೊಡ್ಡ ಅವಮಾನ.

ಆಷಾಢದ, ಅಲ್ಲಿಯವರ ಆಡಿ ತಿಂಗಳ, ಸೋನೆ ಹಿಡಿಯಿತು. ಬೆಟ್ಟದ ಮೇಲಿಂದ ಮಂಜು ಇಳಿದು ಓಣಿಯೊಳಗೇ ಕೂತಿತು. ಉಪ್ಪು ಬೆವರಿತು, ಹಪ್ಪಳ ಮೆತ್ತಗಾಯಿತು. ಮದ್ದಿನ ಪುಡಿಯೂ ತೇವ ಕುಡಿದು ಆಲಿಕೆಯ ಗೋಡೆಗೆ ಅಂಟಿಕೊಂಡಿತು. ತಿರುಪು ತಿರುಗಿದರೂ ಒಂದು ಸಲ ಏನೂ ಬೀಳದು, ಇನ್ನೊಂದು ಸಲ ಧೊಪ್ಪನೆ ಹೆಂಟೆಯೇ ಬೀಳುವುದು. ಸೆಲ್ವಿ ಮರದ ಕೊಡತಿಯಿಂದ ಆಲಿಕೆಗೆ ಬಡಿಯುತ್ತಿದ್ದಳು. ಪರದೆಯ ಈಚೆಗೂ ಆ ಸದ್ದು ಕೇಳುತ್ತಿತ್ತು.

"ಅಣ್ಣಾ, ಪುಡೀನ ಬಾಣಲೇಲಿ ಒಣಗಿಸ್ಬೇಕು. ನಿಲ್ಲಿಸ್ಲಾ?" ಎಂದು ಕೇಳಿದಳು.

"ಕರೆಂಟು ಇರೋದೇ ಅರ್ಧ ದಿನ. ಸಂತೆಗೆ ಮಾಲು ಓಗ್ಬೇಕು. ಒತ್ತು ಸುಮ್ನ" ಎಂದ ಪ್ರಭುಸ್ವಾಮಿ.

ಸೆಲ್ವಿ ಒತ್ತಿದಳು. ಈಚೆ ಹಲಗೆಯ ಮೇಲೆ ದೊಡ್ಡಮಾದಮ್ಮನ ಬೆರಳಿಗೆ ಎಲ್ಲ ತಿಳಿಯುತ್ತಿತ್ತು. ಒಂದು ಪೊಟ್ಟಣ ಗಾಳಿಯಂತೆ ಹಗುರ, ಒಂದು ಬಸುರಿಯಂತೆ ದಪ್ಪ. ಎದ್ದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಬಡ್ಕೊಳ್ಳಲಿ, ಚೆನ್ನಾಗಿ ಬಡ್ಕೊಳ್ಳಲಿ. ಮಾಲು ವಾಪಸು ಬರಲಿ, ಟೋಪಿಯವಳು ಸತ್ಯಮಂಗಲದ ಬಸ್ಸು ಹತ್ತಲಿ. ಹೀಗೆಂದುಕೊಂಡು ಬಲಕ್ಕೆ ಮಡಿಸಿದಳು, ಮೂಲೆ ಸಿಕ್ಕಿಸಿದಳು, ಬುಟ್ಟಿಗೆ ಹಾಕಿದಳು. ಆ ಪೊಟ್ಟಣ ಒಂದು ಮಗುವಿನ ಹೊಟ್ಟೆಗೆ ಹೋಗುತ್ತದೆ ಎಂಬುದು ಅವಳ ಸಿಟ್ಟಿಗೆ ಕಾಣಲಿಲ್ಲ.

ಸಂತೆ ಕಳೆದ ಮೇಲೆ ಜೀರಹಳ್ಳಿ ಕಡೆಯಿಂದ ಜಡೆಯ ಎಂಬವನು ಬಂದ. ಕಾಡಿನ ಹಾಡಿಯವನು, ಹೆಚ್ಚು ಮಾತಾಡದವನು. ಅಂದು ಓಣಿಯ ಬಾಯಿಂದಲೇ ಕೂಗುತ್ತ ಬಂದ. ಹಿಂದೆ ಅವನ ಹೆಂಡತಿ ರಂಗಿ. ಅವರ ಮಗಳು ಪುಡಿ ಕುಡಿದು ನೀರು ನೀರಾಗಿ ಹೋಗಿ, ಕಣ್ಣು ಮೇಲೆ ಮಾಡಿ, ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿಸಿಕೊಂಡು ಮಲಗಿತ್ತು. ಜೀವಕ್ಕೆ ಇನ್ನು ಭಯವಿಲ್ಲ ಎಂದ ಮೇಲೆ ಇವರು ಎದ್ದು ಬಂದಿದ್ದರು.

ಜಡೆಯ ಮುದುಡಿದ ಕಾಗದವನ್ನು ದೊಡ್ಡಮಾದಮ್ಮನ ಮುಖಕ್ಕೆ ಎಸೆದ. "ನಿನ್ನ ಮಡಿಕೆ ಅಲ್ವಾ ಇದು? ನೋಡು!"

ಅವಳದೇ ಮಡಿಕೆ. ಮೂಲೆ ಸಿಕ್ಕಿಸಿದ ಗುರುತು ಇನ್ನೂ ಕಾಗದದಲ್ಲಿತ್ತು.

"ನಿನ್ನ ಕೈ ಸೇದೋಗ!" ರಂಗಿ ನೆಲಕ್ಕೆ ಕೈ ಬಡಿದಳು. "ನಿನ್ ಕೈಗುಣ ಅಂತ ನಂಬ್ಕೊಂಡು ಕುಡ್ಸುದ್ನಲ್ಲೇ! ಮಾದಪ್ಪನ ಎಸ್ರು ಮಡಿಕ್ಕೊಂಡು ಇಂಗ ಮಾಡಿಯಾ?"

ದೊಡ್ಡಮಾದಮ್ಮ ತಿರುಗಿ ಪ್ರಭುಸ್ವಾಮಿಯನ್ನು ನೋಡಿದಳು. ಒಂದು ಮಾತು ಅವನು ಆಡಬೇಕಿತ್ತು. ಓಣಿಯ ತುಂಬ ಜನ ಸೇರಿದ್ದರು. ಪ್ರಭುಸ್ವಾಮಿ ಪರದೆಯನ್ನು ಒಮ್ಮೆ ಸರಿಮಾಡಿ ಮುಂದೆ ಬಂದ.

"ವಯಸ್ಸಾಗದ ಕನಪ್ಪ ಅವಳ್ಗ. ಕಣ್ಣು ಕಾಣದಿಲ್ಲ, ಕೈ ನಡುಗ್ತದ. ಅಪ್ಪಾಜಿ ಕಾಲದೋಳು ಅಂತ ಇಟ್ಕಂಡಿದ್ದೀನಿ. ಆಸ್ಪತ್ರ ಖರ್ಚು ನಾನು ನೋಡ್ಕತೀನಿ."

ಪರದೆಯ ಸಂದಿಯಲ್ಲಿ ಸೆಲ್ವಿಯ ಬಿಳಿ ಟೋಪಿ ಕಾಣುತ್ತಿತ್ತು. ಅದು ಅಲುಗಲಿಲ್ಲ.

ಜೀವಮಾನದಲ್ಲಿ ಬೈಗುಳಕ್ಕೆ ಉತ್ತರ ಬಾಕಿ ಉಳಿಸಿಕೊಳ್ಳದ ದೊಡ್ಡಮಾದಮ್ಮ ಅಂದು ಎದ್ದು ಕೈ ತೊಳೆದು ಬಂದು ಮತ್ತೆ ಹಲಗೆಯ ಮೇಲೆ ಕೂತಳು. ಜನ ಚದುರಿದ ಮೇಲೆ ಒಳಗಿನಿಂದ ಪುಡಿ ಬಿದ್ದ ಕಾಗದಗಳು ಮತ್ತೆ ಬಂದವು. ಸಂಜೆಯ ತನಕ ಮಡಿಸಿದಳು. ಯಾವತ್ತಿಗಿಂತ ಚೊಕ್ಕಟವಾಗಿ, ಒಂದೊಂದರ ಅಂಚನ್ನೂ ಉಗುರಿನಿಂದ ತೀಡಿ ಮಡಿಸಿದಳು. ಪ್ರಭುಸ್ವಾಮಿ ಮೂಟೆ ಕಟ್ಟಿ ಸುತ್ತಲಿನ ಹಳ್ಳಿಗಳ ಅಂಗಡಿಗಳಿಗೆ ಕಳಿಸಿಬಿಟ್ಟ. ಒಂದನ್ನೂ ಕೈಗೆತ್ತಿ ನೋಡುವ ಗೋಜಿಗೆ ಹೋಗಲಿಲ್ಲ.

ಮರುದಿನ ಮೊದಲು ಬಂದವಳು ಗುಮಟಾಪುರದ ಒಬ್ಬ ಹೆಂಗಸು. ಪೊಟ್ಟಣವನ್ನು ಸೆರಗಿನ ತುದಿಯಲ್ಲಿ ಹಿಡಿದು, ಕೈಗೆ ತಾಕದಂತೆ ತಂದು ಅಂಗಡಿಯ ಮೆಟ್ಟಿಲ ಮೇಲೆ ಹಾಕಿದಳು. "ನನ್ನ ಮಗಿಗೆ ಗುಣಿ ತೋಡಿದ್ದೀರೇನ್ರೋ?" ಆಮೇಲೆ ಚೀಲದಲ್ಲಿ ತುಂಬಿಕೊಂಡು ಹಳ್ಳಿ ಅಂಗಡಿಯವರೇ ಬಂದರು. ಒಬ್ಬ ಮೆಟ್ಟಿಲ ಹತ್ತಿರ ಸುರಿದು ಸ್ನಾನಕ್ಕೆ ಹೋಗುತ್ತೇನೆ ಎಂದ. ಎಲ್ಲ ಪೊಟ್ಟಣಗಳೂ ಎಡಕ್ಕೆ ಮಡಿಸಿದಂಥವು. ಬಿಚ್ಚುವ ಮೊದಲೇ ಜನ ನೋಡಿದ್ದರು. ಒಂದು ಮಗುವೂ ಕುಡಿದಿರಲಿಲ್ಲ.

ಪ್ರಭುಸ್ವಾಮಿಯ ಮುಖ ಇದ್ದಲಾಯಿತು. "ಏನೇ ಮಾದಿ ಇದು? ಏನೇ ಮಾಡ್ದೆ?"

"ನಾನೇನ ಮಾಡ್ಲಿ ಬುದ್ದಿ? ಕೈ ನಡುಗ್ತದ ಅಂತ ನೀವೇ ಅಂದ್ರಲ್ಲ. ನಡುಗಿ ನಡುಗಿ ಎಡಕ್ಕೋಗ್ಬುಡ್ತು."

ಅವನು ಹೊಡೆಯಲು ಕೈ ಎತ್ತಿದ. ಓಣಿಯಲ್ಲಿ ಜನವಿದ್ದುದರಿಂದ ಇಳಿಸಿದ. ಅವಳ ಹಲಗೆಯನ್ನು ಎತ್ತಿ ಬೀದಿಗೆ ಬಿಸಾಡಿದ. ಹಿತ್ತಾಳೆ ಚಮಚವನ್ನು ಅವಳೇ ಮಾದಪ್ಪನ ಪಟದ ಮುಂದೆ ಇಟ್ಟು, ಕೈ ಮುಗಿದು ಇಳಿದಳು.

ಓಣಿಯ ತಿರುವಿನಲ್ಲಿ ಸೆಲ್ವಿ ಅಡ್ಡ ಬಂದಳು. ಟೋಪಿ ಇರಲಿಲ್ಲ. ಕೈಯಲ್ಲಿ ಬಟ್ಟೆಯ ಚೀಲವಿತ್ತು. "ನನ್ನ ಅನ್ನಾನೂ ಕಿತ್ಕೊಂಡ್ಯಲ್ಲ ಪಾಟಿ. ನಿಲ್ಲಿಸ್ತೀನಿ ಅಂದಿದ್ದೆ ನಾನು. ಅವನೇ ಬಿಡಲಿಲ್ಲ."

"ಅದ ನಿನ್ನೆ ಜಡೆಯನ ಮುಂದ ಯೋಳ್ಬೇಕಾಗಿತ್ತು. ಬಾಯಿಗೂ ಗ್ಲೌಸ್ ಆಕ್ಕಂಡಿದ್ಯಾ?"

"ನಿನಗೂ ಗೊತ್ತಿತ್ತಲ್ಲ? ಮಡಿಸೋ ಕೈಗೆ ಗೊತ್ತಾಗಲ್ವಾ? ನೀನು ಯಾಕೆ ಸುಮ್ಮನಿದ್ದೆ?"

ದೊಡ್ಡಮಾದಮ್ಮ ಸೆರಗು ಬಿಗಿದು ಮುಂದೆ ನಡೆದಳು. ಆ ಮಾತು ಮಾತ್ರ ಅವಳ ಹಿಂದೆಯೇ ಬಂತು.

ಮಗು ಆಸ್ಪತ್ರೆಯಿಂದ ಹಾಡಿಗೆ ಹೋಗಿದೆ ಎಂದು ತಿಳಿದು ಅವಳು ಜೀರಹಳ್ಳಿಗೆ ಹೋಗಿ, ಅಲ್ಲಿಂದ ಕಾಡುದಾರಿ ನಡೆದಳು. ಗುಡಿಸಲ ಜಗಲಿಯಲ್ಲಿ ಹುಡುಗಿ ಗಂಜಿ ಕುಡಿಯುತ್ತಿತ್ತು. ರಂಗಿ ಇವಳನ್ನು ಕಂಡವಳೇ ಮಗುವನ್ನು ಎತ್ತಿ ಒಳಗೆ ಕೂರಿಸಿ ತಟ್ಟಿಬಾಗಿಲು ಎಳೆದಳು. ಜಡೆಯ ಮಾತ್ರ ಹೊರಗೆ ಉಳಿದ.

"ಮಿಷಿನ್ನು ಅಂತಾರಲ್ಲ ಊರೊಳಗ" ಎಂದ. "ನಿಜವಾ?"

"ನಿಜವ." ಅಲ್ಲಿಗೇ ನಿಲ್ಲಿಸಿದ್ದರೆ ಅವಳ ಕೈಯ ಹೆಸರು ಉಳಿಯುತ್ತಿತ್ತು. ಅವಳು ನಿಲ್ಲಿಸಲಿಲ್ಲ. "ಅದು ದಪ್ಪಗಿದ್ದದ್ದು ನನ್ನ ಬೆರಳ್ಗ ಗೊತ್ತಾಗಿತ್ತು ಕನಪ್ಪ."

"ಗೊತ್ತಾದ ಮೇಲೂ ಮಡ್ಸುದ್ಯ?"

"ಮಡ್ಸುದಿ."

ಜಡೆಯ ಅವಳ ಕೈಯನ್ನು ನೋಡಿದ. "ಹಾಗಾದ್ರ ಮಿಷಿನ್ನೇ ವಾಸಿ. ಅದ್ಕ ಗೊತ್ತಿರನಿಲ್ಲ. ಎದ್ದೋಗವ್ವ. ಇನ್ನ ನಮ್ಮ ಹಾಡಿಗ ಆ ಕೈ ತಕ್ಕೊಂಡು ಬರಬ್ಯಾಡ."

ಅವಳು ಎದ್ದು ಬಂದಳು. ಆಮೇಲೆ ಅರಿಸಿನದ ಹೊಲದಲ್ಲಿ, ಕೋಸಿನ ಹೊಲದಲ್ಲಿ ಕೂಲಿ ಮಾಡಿದಳು. ಮಿಷಿನ್ನು ಗೋಣಿ ಹೊದ್ದು ಒಳಕೋಣೆಯಲ್ಲಿ ತುಕ್ಕು ಹಿಡಿಯಿತು. ಪ್ರಭುಸ್ವಾಮಿ ದಾರಿಯಲ್ಲಿ ಎದುರಾದರೆ ಇಬ್ಬರೂ ಉಗಿದು ಮುಂದೆ ಹೋಗುವರು. ಮನೆ ಬಾಗಿಲಿಗೆ ಬಂದು "ಮಗಿಗೆ ಒಂದು ಚಿಟಿಕೆ ಕೊಡವ್ವ" ಎಂದವರನ್ನು ಅವಳು ಬೈದು ಓಡಿಸಿದಳು, ನಿನ್ನ ತಪ್ಪೇನಿಲ್ಲ ಎಂದವರನ್ನು ಇನ್ನೂ ಜೋರಾಗಿ ಬೈದಳು.

ಯಾರ ಮನೆಯಲ್ಲಾದರೂ ಸಾವಾದರೆ ಮಾತ್ರ, ಕರೆದರೆ, ಹೋಗುತ್ತಿದ್ದಳು. ಕೈ ತೊಳೆದು, ಮಾದಪ್ಪಾ ಎಂದು, ವಿಭೂತಿಯನ್ನೂ ಎಳ್ಳನ್ನೂ ಕಾಗದದಲ್ಲಿಟ್ಟು ಎಡಕ್ಕೆ ಮಡಿಸಿ ಮೂಲೆ ಸಿಕ್ಕಿಸಿ ಕೊಡುತ್ತಿದ್ದಳು. ಒಂದು ಚಿಟಿಕೆ ಹೆಚ್ಚಾದರೂ ಕಡಿಮೆಯಾದರೂ ಅಲ್ಲಿ ಯಾರಿಗೂ ನೋವಾಗುವಂತಿರಲಿಲ್ಲ. ಆದರೂ ಅವಳು ಆ ಮನೆಯ ಚಮಚದ ಅಂಚಿಗೆ ಸಮವಾಗಿ ಕಡ್ಡಿ ಎಳೆಯದೆ ಹಾಕುತ್ತಿರಲಿಲ್ಲ.