ಕಿರಣ ಕೊಡುವ ಕೋಣೆಯಲ್ಲಿ ಇಷ್ಟಲಿಂಗ

ಅವರೆಕಾಳು ಹಿಸುಕುತ್ತಾ ಕೂತಿದ್ದೆ. ನೆನೆದ ಕಾಳು, ಬೆರಳಿಟ್ಟರೆ ಸಾಕು, ಸಿಪ್ಪೆ ಬಿಟ್ಟು ಬೇಳೆ ಜಾರಿ ಬೀಳುತ್ತಿತ್ತು. ಆಗಲೇ ನಮ್ಮನೆಯವರ ಫೋನು ಬಂತು. ನನ್ನ ಎಡಗಡೆಯ ಎದೆಯ ಗಂಟಿನಿಂದ ಸೂಜಿಯಲ್ಲಿ ತೆಗೆದ ಚೂರಿನ ರಿಪೋರ್ಟ್ ತರಲು ಆಸ್ಪತ್ರೆಗೆ ಹೋಗಿದ್ದರು. "ಅದೇ ಅಂತೆ ಕಣೇ," ಎಂದರು. ಕ್ಯಾನ್ಸರ್ ಎಂಬ ಮಾತು ಅವರ ಬಾಯಲ್ಲಿ ಬರಲಿಲ್ಲ, ಇವತ್ತಿಗೂ ಬಂದಿಲ್ಲ.

ಎದುರಿಗೆ ಕೂತಿದ್ದ ಅತ್ತೆಗೆ ಹೇಳಿದೆ. ಅವರು ಮೊದಲು ಕೇಳಿದ್ದು, "ನಿಮ್ಮ ತವರಲ್ಲಿ ಯಾರಿಗಿತ್ತು?"

"ಯಾರಿಗೂ ಇಲ್ಲ ಅತ್ತೆ."

"ನಮ್ಮಲ್ಲೂ ಇಲ್ಲಪ್ಪ. ಮತ್ತೆ ಎಲ್ಲಿಂದ ತಂದೆ?"

ವಿಜಯನಗರದ ಮಾರ್ಕೆಟ್ಟಿನಿಂದ ಎನ್ನಬೇಕೆನಿಸಿತು. ನುಂಗಿಕೊಂಡೆ.

ಅದೇ ಪ್ರಶ್ನೆಯನ್ನು ಡಾಕ್ಟರಮ್ಮನಿಗೂ ಕೇಳಿದೆ. "ಎಲ್ಲಿಂದಲೂ ಬಂದಿಲ್ಲಮ್ಮ, ನಿಮ್ದೇ ಜೀವಕೋಶ," ಎಂದರು. ಮೈಯಲ್ಲಿ ಹಳೆಯ ಕೋಶ ಸಾಯುತ್ತದೆ, ಒಂದು ಎರಡಾಗಿ ಹೊಸದು ಹುಟ್ಟುತ್ತದೆ. ಸಾಕು, ನಿಲ್ಲು ಎನ್ನುವ ಆಜ್ಞೆಯೂ ಕೋಶದೊಳಗೇ ಇರುತ್ತದೆಯಂತೆ. ಒಂದರಲ್ಲಿ ಆ ಆಜ್ಞೆ ಕೆಟ್ಟರೆ ಅದೂ ಅದರ ಮಕ್ಕಳೂ ನಿಲ್ಲದೆ ಹೆಚ್ಚಿ ಗಂಟಾಗುತ್ತವೆ. ಹಾಗೇ ಬಿಟ್ಟರೆ ಕಂಕುಳಿನ ಗ್ರಂಥಿಗೆ ನುಗ್ಗಿ, ರಕ್ತದ ದಾರಿ ಹಿಡಿದು ಮೂಳೆಗೋ ಶ್ವಾಸಕೋಶಕ್ಕೋ ಹೋಗಿ ಅಲ್ಲಿ ಮನೆ ಮಾಡುತ್ತವೆ. ಮುಟ್ಟಿದರೆ ಅಂಟುವ ರೋಗವಲ್ಲ.

ಇದನ್ನೆಲ್ಲ ಮನೆಯಲ್ಲಿ ಹೇಳಿದೆ. ಅತ್ತೆ "ಹೌದಾ" ಎಂದರು. ಮರುದಿನದಿಂದ ನನ್ನ ತಟ್ಟೆ ಲೋಟಕ್ಕೆ ಬೇರೆ ಬುಟ್ಟಿಯಾಯಿತು.

ಗಂಟನ್ನು ಕತ್ತರಿಸಿ ತೆಗೆದರು. ಮೊಲೆ ಪೂರ್ತಿ ಹೋಗಲಿಲ್ಲ, ಅದು ಶಿವನ ಕರುಣೆ. ಆಮೇಲೆ ಕೀಮೊ, ರಕ್ತನಾಳಕ್ಕೆ ಇಳಿಸುವ ಔಷಧ. ಬೇಗ ಬೇಗ ಇಬ್ಭಾಗವಾಗುವ ಕೋಶಗಳನ್ನು ಅದು ಹೊಡೆಯುತ್ತದೆ. ಕೂದಲಿನ ಬುಡ, ಬಾಯಿಯ ಒಳಪದರ, ಕರುಳು ಎಲ್ಲ ಬೇಗ ಬೆಳೆಯುವಂಥವೇ, ಅವೂ ಪೆಟ್ಟು ತಿನ್ನುತ್ತವೆ. ತಲೆ ಬೋಳಾಯಿತು. ಬಾಯಿ ಹುಣ್ಣಾಗಿ ಮೊಸರನ್ನವೂ ಉರಿಯಿತು. ಪಕ್ಕದ ಮನೆಯವರು ಅರಿಶಿನ ಕುಂಕುಮಕ್ಕೆ ಬೀದಿಯವರನ್ನೆಲ್ಲ ಕರೆದು, ನನ್ನ ತಾಂಬೂಲವನ್ನು ಅತ್ತೆಯ ಕೈಲಿ ಕಳಿಸಿದರು. ವಿಭೂತಿ ಹಚ್ಚಲು ಹಣೆ ಉಳಿದಿತ್ತು, ಅಷ್ಟು ಸಾಕು ಅಂದುಕೊಂಡೆ.

ಕೊನೆಯದು ವಿಕಿರಣ. ಗಂಟು ತೆಗೆದ ಜಾಗದಲ್ಲಿ ಕಣ್ಣಿಗೆ ಕಾಣದೆ ಉಳಿದ ಕೋಶಗಳ ಒಳಗಿನ ಡಿಎನ್ಎ ಎಳೆಯನ್ನು ಅದು ಮುರಿಯುತ್ತದೆ. ಒಳ್ಳೆಯ ಕೋಶ ಬಹುಮಟ್ಟಿಗೆ ರಿಪೇರಿ ಮಾಡಿಕೊಳ್ಳುತ್ತದೆ, ಕೆಟ್ಟದ್ದಕ್ಕೆ ಆ ಕೆಲಸ ಅಷ್ಟಾಗಿ ಬರುವುದಿಲ್ಲ. ಅದಕ್ಕೇ ವಾರಗಟ್ಟಲೆ ದಿನಾ ಸ್ವಲ್ಪ ಸ್ವಲ್ಪ, ತಡ ಮಾಡಬೇಡಿ, ನಡುವೆ ಬಿಡಬೇಡಿ ಎಂದರು. ಎದೆಯ ಮೇಲೆ ಗುರುತಿನ ಗೆರೆ ಎಳೆದ ದಿನ ಅಲ್ಲಿಯ ಹುಡುಗಿ, "ಆಂಟಿ, ನಾಳೆಯಿಂದ ಕುತ್ತಿಗೇಲಿರೋದನ್ನ ಮನೇಲೇ ಬಿಟ್ಟು ಬನ್ನಿ," ಎಂದಳು.

ಕುತ್ತಿಗೆಯಲ್ಲಿದ್ದದ್ದು ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ನಾವು ಲಿಂಗವಂತರು. ಒಮ್ಮೆ ಕಟ್ಟಿಕೊಂಡ ಲಿಂಗ ಮೈಯಿಂದ ಅಗಲಬಾರದು. ಆಪರೇಷನ್ ದಿನ ತೆಗೆದಿಟ್ಟಾಗ, ಎಚ್ಚರ ಇಲ್ಲದವಳಿಗೆ ದೋಷವಿಲ್ಲ ಎಂದು ಅತ್ತೆಯೇ ದಾರಿ ಹುಡುಕಿದ್ದರು. ಈ ಸಲ ನನಗೆ ಎಚ್ಚರವಿತ್ತು.

"ದಿನಾ ಬೇಕಂತ್ಲೇ ಲಿಂಗ ಇಳಿಸ್ತೀಯಾ? ಇಳಿಸಿದವಳ ಕೈಯಡುಗೆ ನಾನು ಉಣ್ಣಲ್ಲ ಕಣಮ್ಮ."

"ಹಾಗಾದ್ರೆ ಸಾಯ್ಲಾ ಅತ್ತೆ?"

"ನಾನು ಹಾಗಂದ್ನಾ? ಮಾತು ನೋಡು ಇವಳ್ದು!"

ನಮ್ಮನೆಯವರು ಟಿವಿಯಿಂದ ಕಣ್ಣು ತೆಗೆಯದೆ, "ಶ್ರಾವಣ ಕಳೀಲಿ, ಆಮೇಲೆ ಮಾಡಿಸಿದ್ರಾಯ್ತು ಬಿಡೇ," ಎಂದರು. ಕೆಟ್ಟ ಕೋಶಕ್ಕೆ ಶ್ರಾವಣ ಗೊತ್ತೇ?

ಮರುದಿನ ಅತ್ತಿಗುಪ್ಪೆಯಲ್ಲಿ ಒಬ್ಬಳೇ ಮೆಟ್ರೋ ಹತ್ತಿದೆ. ಆಸ್ಪತ್ರೆಯಲ್ಲಿ ಗೌನು ತೊಟ್ಟು, ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ನಿಂತೆ.

"ಇದನ್ನ ಎಲ್ಲೂ ಇಡಕ್ಕಾಗಲ್ಲಮ್ಮ. ಮೈಮೇಲೇ ಇರಬೇಕು."

"ಎದೆ ಹತ್ರ ಏನೂ ಇರಬಾರ್ದು ಆಂಟಿ," ಎಂದಳು ಹುಡುಗಿ.

"ಪೂಜೇಲಿ ಅಂಗೈಲಿ ಇಟ್ಕೋತೀವಿ. ಇಲ್ಲಿ ಮಲಗಿದಾಗ ಕೈ ಹೇಗೂ ತಲೆ ಮೇಲೇ ಇರತ್ತಲ್ಲ?"

ಅವಳು ನಕ್ಕು, ಒಳಗೆ ಹೋಗಿ ಡಾಕ್ಟರನ್ನು ಕೇಳಿ ಬಂದಳು. "ಬೆಳ್ಳಿ ಬೇಡ್ವಂತೆ. ಬಟ್ಟೇಲಿ ಸುತ್ತಿ ಬಲಗೈಗೆ ಕಟ್ಕೊಳಿ. ಅಲ್ಲಾಡಿದ್ರೆ ನಿಮ್ಮ ದೇವ್ರಿಗೂ ಬೈಗುಳ, ನನಗೂ ಬೈಗುಳ."

ಮುಖ ಸಿಂಡರಿಸದೆ ಕೇಳಿಕೊಂಡವಳು ಇಷ್ಟು ತಿಂಗಳಲ್ಲಿ ಅವಳೊಬ್ಬಳೇ. ಕೈಗಳನ್ನು ತಲೆಯ ಮೇಲೆ ಎತ್ತಿ ಮಲಗಿದೆ. ಬಾಗಿಲು ಮುಚ್ಚಿತು, ಯಂತ್ರ ಗುಂಯ್ ಎಂದಿತು. ನೋವೇನೂ ಇಲ್ಲ. ನಮಃ ಶಿವಾಯ ಎನ್ನುತ್ತಿದ್ದ ಮನಸ್ಸು ನಡುವೆ ನಿಂತಿತು. ಇಷ್ಟು ವರ್ಷ ಲಿಂಗ ಇದ್ದದ್ದು ಇದೇ ಎದೆಯ ಮೇಲೆ, ಅದರ ಪಕ್ಕದಲ್ಲೇ ಇದು ಬೆಳೆಯಿತು. ಯಾಕಪ್ಪಾ ಎಂದು ಕೇಳಿದೆ. ಆದರೂ ಮುಷ್ಟಿ ಸಡಿಲ ಬಿಡಲಿಲ್ಲ.

ಮನೆಗೆ ಬಂದವಳೇ ಹೇಳಿದೆ, "ಅತ್ತೆ, ಲಿಂಗ ಮೈ ಬಿಟ್ಟಿಲ್ಲ. ಕೈಗೆ ಕಟ್ಟಿಕೊಂಡೇ ಇದ್ದೆ."

"ಯಾರು ನೋಡಿದ್ರು?"

ದೇವರ ಕೋಣೆಯ ಕಡೆ ಕೈ ತೋರಿಸಿದೆ.

"ಅವನು ಬಂದು ನನಗೆ ಹೇಳಲ್ವಲ್ಲ," ಎಂದು ಅತ್ತೆ ಊಟದ ಬದಲು ಹಾಲಿನಲ್ಲಿ ಬ್ರೆಡ್ಡು ಅದ್ದಿಕೊಂಡರು. ಅವರ ಮಗ ಇಬ್ಬರ ಮುಖವನ್ನೂ ನೋಡಲಿಲ್ಲ.

ನಾಳೆಯೂ ಹೋಗುತ್ತೇನೆ, ನಾಡಿದ್ದೂ ಹೋಗುತ್ತೇನೆ ಎಂದು ಗಟ್ಟಿಯಾಗಿಯೇ ಹೇಳಿದೆ. ಆಮೇಲೆ ಅಡುಗೆಮನೆಗೆ ಹೋಗಿ, ನನಗೂ ನಮ್ಮನೆಯವರಿಗೂ ಇಬ್ಬರಿಗಾಗುವಷ್ಟೇ ಅಕ್ಕಿ ತೆಗೆದು ತೊಳೆಯತೊಡಗಿದೆ.