ದಸ್ತಗೀರ ಸಾಬರ ಗೋಡೆ, ಸಾಹೇಬರ ಪ್ಲಾನು

ಹೋದ ಮಂಗಳವಾರ ನಮ್ಮ ವಿಭಾಗದ ಮುಂದಿನ ಹತ್ತು ವರ್ಷಗಳಿಗೆ ನಾನು ಸಹಿ ಹಾಕಲಿಲ್ಲ.

ಗಾಬರಿಯಾಗಬೇಡಿ. ನನ್ನ ಸಹಿಗಾಗಿ ಕಾಲವೇನೂ ಕಾಯುತ್ತ ನಿಲ್ಲುವುದಿಲ್ಲ. ಆದರೆ ನಮ್ಮ ಹೆಡ್ ಸಾಹೇಬರು ಕಾಯುತ್ತ ಕೂತಿದ್ದರು. ಪೆನ್ನಿನ ಟೋಪಿ ತೆಗೆದು, ಪೆನ್ನನ್ನು ನನ್ನ ಕಡೆ ಚಾಚಿ.

ನಾನು ವಿಜಾಪುರದ ಒಂದು ಕಾಲೇಜಿನ ಸಿವಿಲ್ ಇಂಜಿನಿಯರಿಂಗ್ ವಿಭಾಗದಲ್ಲಿ ಪಾಠ ಹೇಳುವವನೆಂದು ನಿಮಗೆ ಗೊತ್ತೇ ಇದೆ (ವಾರ ವಾರ ಪೇಪರಿನ ಈ ಮೂಲೆಯಲ್ಲಿ ಕೂತು ಗೊಣಗುತ್ತೇನಲ್ಲ). ಎರಡು ತಿಂಗಳ ಹಿಂದೆ ಯುನಿವರ್ಸಿಟಿಯಿಂದ ಪತ್ರ ಬಂತು. ಪ್ರತಿ ವಿಭಾಗವೂ ತನ್ನ ಹತ್ತು ವರ್ಷದ ಪ್ಲಾನು ಕಳಿಸಬೇಕು. ಅದಕ್ಕೆ ಎಲ್ಲ ಅಧ್ಯಾಪಕರ ಸಹಿ ಇರಬೇಕು. ಆಮೇಲೆ ಒಂದು ಕಮಿಟಿ ಬಂದು ನೋಡುತ್ತದೆ.

ಕಮಿಟಿ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಸಾಹೇಬರು ಎದ್ದು ಕೂತರು. ಗಾಂಧಿ ಚೌಕದಿಂದ ಹೊಸ ಫೈಲು, ಕಾರ್ಬನ್ ಪೇಪರು, ಕೆಂಪು ಲಾಡಿ ಬಂದವು. ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದರು. ಪೇಪರಿಗೆ ಬರೆಯುವವನಿಗೆ ಇದೇನು ಮಹಾ ಅಂದರು.

ಬರೆದೆ. ಎರಡಂತಸ್ತಿನ ಹೊಸ ಕಟ್ಟಡ, ಪರದೇಶದ ಮಶೀನುಗಳು, ಇನ್ನೂ ಏನೇನೋ ಸೇರಿ ಆರು ಕಲಮು. ಹೀಗೆ ಬರೆಯುವಾಗ ಯಾರಾದರೂ ಕುರ್ಚಿ ಬಿಟ್ಟು ಎದ್ದು ಆ ಕಟ್ಟಡದ ಜಾಗಕ್ಕೆ ಹೋಗಿಬಂದರೇ? ಇಲ್ಲ. ನಾನೂ ಹೋಗಲಿಲ್ಲ. ಟೇಬಲ್ಲಿನ ಮೇಲೆ ಮಿರ್ಚಿ ಭಜಿ ಬಿಸಿಯಿತ್ತು.

ಟೈಪಾಗಿ ಬಂದಾಗ ಒಂದು ಶಬ್ದ ಎರಡು ಸಲ ಬಿದ್ದಿತ್ತು. ಗೀಟು ಹೊಡೆದು ಮುಂದೆ ಹೋದೆ. ಸಾಹೇಬರು ಹಿಡಿದು ನಿಲ್ಲಿಸಿದರು. ಕಚೇರಿಯ ಕಾಗದದಲ್ಲಿ ಒಂದು ಅಕ್ಷರ ಹೊಡೆದರೂ ಪಕ್ಕದಲ್ಲಿ ಹೊಡೆದವನ ಚಿಕ್ಕ ಸಹಿ ಬೇಕು, ಇಲ್ಲದಿದ್ದರೆ ಯುನಿವರ್ಸಿಟಿ ಒಪ್ಪುವುದಿಲ್ಲ ಎಂದು ಪಾಠ ಹೇಳಿದರು. ಸರಿ ಎಂದು ಚಿಕ್ಕ ಸಹಿ ಹಾಕಿದೆ. ಹಾಕುತ್ತಿರುವಾಗಲೇ ಕಣ್ಣು ಕೆಳಗೆ ಹೋಯಿತು. ನಾನು ಬರೆದದ್ದು ಆರು ಕಲಮು. ಕಾಗದದಲ್ಲಿ ಏಳಿದ್ದವು!

ಏಳನೆಯದು ಹೀಗಿತ್ತು: ವಿದ್ಯಾರ್ಹತೆಯಿಲ್ಲದ ಪ್ರಯೋಗಾಲಯ ಸಿಬ್ಬಂದಿಯನ್ನು ಉದ್ಯಾನ ವಿಭಾಗಕ್ಕೆ ವರ್ಗಾಯಿಸುವುದು. (ಉದ್ಯಾನ ಎಂದರೆ ಎರಡು ಕಣಗಿಲೆ ಗಿಡ, ಒಂದು ಒಡೆದ ನಳ.)

ನಮ್ಮಲ್ಲಿ ವಿದ್ಯಾರ್ಹತೆಯಿಲ್ಲದ ಸಿಬ್ಬಂದಿ ಎಂದರೆ ಒಬ್ಬರೇ. ಮಣ್ಣಿನ ಲ್ಯಾಬಿನ ಅಟೆಂಡರ್ ದಸ್ತಗೀರ ಸಾಬರು.

ಅವರು ಟಿಕೋಟಾದವರು. ಐವತ್ತು ದಾಟಿದೆ. ಕಲಿತದ್ದು ನಾಲ್ಕನೇ ಇಯತ್ತೆ. ಮನೆತನದ ಕೆಲಸ ಬಾವಿ ತೋಡಿ ಕಲ್ಲು ಕಟ್ಟುವುದು. ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ತಿಕ್ಕಿ, ಇದು ಎಷ್ಟು ಉಬ್ಬುತ್ತದೆ, ಗಟ್ಟಿ ಗರಸು ಎಷ್ಟು ಆಳಕ್ಕೆ ಸಿಗುತ್ತದೆ ಎಂದು ಹೇಳುವವರು. ನಮ್ಮ ಎರಿ ಭೂಮಿ, ಅಂದರೆ ಕಪ್ಪು ಮಣ್ಣು, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ, ಮೇಲೆ ನಿಂತ ಗೋಡೆಯನ್ನು ಸೀಳುತ್ತದೆ. ಬಬಲೇಶ್ವರದ ಕಡೆ ಮನೆ ಕಟ್ಟಿಸಿದವರಿಗೆಲ್ಲ ಇದು ಗೊತ್ತು. ನಮ್ಮ ಹುಡುಗರಿಗೆ? ಅವರು ನಾಲ್ಕು ವರ್ಷ ಮದ್ರಾಸ್ ಕಡೆಯಿಂದ ತರಿಸಿದ ಮರಳನ್ನು ಜರಡಿ ಹಿಡಿದು ಪಾಸಾಗುತ್ತಾರೆ.

ಹೋದ ವರ್ಷ ಜೈನಾಪುರದಿಂದ ಒಬ್ಬ ಗೌಡರು ಬಂದಿದ್ದರು. ಮನೆಯ ಪಾಯಾ ತೋಡಿಸುತ್ತಿದ್ದೇನೆ, ಸಲಹೆ ಬೇಕು ಅಂದರು. ಸಾಹೇಬರಿಗೆ ಖುಷಿಯೋ ಖುಷಿ. ಕೂಡಿಸಿ ಚಹಾ ಕುಡಿಸಿ ಅರ್ಧ ಗಂಟೆ ಫಾರ್ಮುಲಾ ಹೇಳಿದರು. ಗೌಡರು ಕಪ್ಪು ಕೆಳಗಿಟ್ಟು ಮೆಲ್ಲಗೆ ಕೇಳಿದರು, "ಚಾ ಭಾಳ ಚಲೋ ಆತ್ರಿ. ಈಗ ದಸ್ತಗೀರ ಮಾಮಾ ಎಲ್ಲಿ ಸಿಗ್ತಾರ ಹೇಳ್ರಿ."

ಆ ಚಹಾದ ಸಿಟ್ಟು ಸಾಹೇಬರಿಗೆ ಇನ್ನೂ ಇಳಿದಿಲ್ಲ ಎಂಬುದು ನನ್ನ ಅನುಮಾನ. ಕಲಮು ಏಳು ಹುಟ್ಟಿದ್ದು ಅಲ್ಲೇ.

ಮಂಗಳವಾರ ನಾನು ಏಳನೆಯದನ್ನು ತೆಗೆಯಿರಿ, ಸಹಿ ಹಾಕುತ್ತೇನೆ ಅಂದೆ. ಸಾಹೇಬರು ನಕ್ಕರು. ನಾಲ್ಕನೇ ಇಯತ್ತೆಯವರನ್ನು ಲ್ಯಾಬಿನಲ್ಲಿ ಇಟ್ಟುಕೊಂಡರೆ ಕಮಿಟಿಯ ಮುಂದೆ ಮರ್ಯಾದೆ ಏನು ಉಳಿಯುತ್ತದೆ ಎಂದು ಕೇಳಿದರು. ಆಮೇಲೆ ನಗುವುದನ್ನು ನಿಲ್ಲಿಸಿದರು.

"ಮಾಸ್ತರ, ಎಲ್ಲಾರೂ ಸಹಿ ಮಾಡ್ಯಾರ. ನೀವೊಬ್ರ ಉಳಿದೀರಿ. ನಿಮ್ಮ ಕನ್ಫರ್ಮೇಶನ್ ಫೈಲು ಇನ್ನೂ ನನ್ನ ಟೇಬಲ್ ಮ್ಯಾಲೇ ಐತಿ, ನೆನಪಿರ್ಲಿ."

ಹೆದರಿದೆನೇ? ಹೆದರಿದೆ. ಸುಳ್ಳು ಯಾಕೆ ಹೇಳಲಿ. ಮನೆಯಲ್ಲಿ ಹೆಂಡತಿ, ಎರಡು ಮಕ್ಕಳಿದ್ದಾರೆ, ನೌಕರಿ ಇನ್ನೂ ಕಾಯಂ ಆಗಿಲ್ಲ. ಶುಕ್ರವಾರದ ತನಕ ವಿಚಾರ ಮಾಡುತ್ತೇನೆಂದು ಹೇಳಿ ಎದ್ದು ಬಂದೆ. ಬರುವಾಗ ಟಾಂಗಾದವನ ಮೇಲೆ ಸುಮ್ಮಸುಮ್ಮನೆ ರೇಗಿದೆ, ಪಾಪ.

ಮರುದಿನ ಬೆಳಿಗ್ಗೆ ಲ್ಯಾಬಿಗೆ ಹೋದರೆ ದಸ್ತಗೀರ ಸಾಬರು ಸುಣ್ಣದ ಬಕೆಟ್ಟು, ಸಿಮೆಂಟಿನ ಬುಟ್ಟಿ ಇಟ್ಟುಕೊಂಡು ಗೋಡೆಯ ಮುಂದೆ ಸುಮ್ಮನೆ ನಿಂತಿದ್ದರು.

ನಮ್ಮ ಮಣ್ಣಿನ ಲ್ಯಾಬಿನ ಹಿಂದಿನ ಗೋಡೆಗೆ ಒಂದು ಬಿರುಕಿದೆ. ಹೌದು, ಮಣ್ಣಿನ ಗುಣ ಕಲಿಸುವ ಕೋಣೆಯ ಗೋಡೆಯನ್ನೇ ಮಣ್ಣು ಸೀಳಿದೆ. ಇನ್‌ಸ್ಪೆಕ್ಷನ್ ಬಂದಾಗಲೆಲ್ಲ ಬಿರುಕಿನ ಬಾಯಿಗೆ ಸಿಮೆಂಟು ತುಂಬಿ ಸುಣ್ಣ ಬಳಿಯುವುದು ನಮ್ಮ ವಿಭಾಗದ ಹಳೆಯ ಪದ್ಧತಿ. ಬಂದವರು ಹೋದ ಮೇಲೆ ಅದು ಮತ್ತೆ ಬಾಯಿ ತೆರೆಯುತ್ತದೆ. ಈ ಸಲ ಅಪ್ಪಣೆ ಇನ್ನೂ ಜೋರಾಗಿತ್ತು. ಕಪಾಟು ಸರಿಸಿ ಇಡೀ ಗೋಡೆಗೆ ಎರಡು ಕೈ ಸುಣ್ಣ.

ಯಾಕೆ ನಿಂತಿರಿ ಎಂದು ಕೇಳಿದೆ. ಅವರು ಕಪಾಟನ್ನು ಸ್ವಲ್ಪ ಸರಿಸಿದರು. ಅದರ ಹಿಂದೆ, ಬಿರುಕಿನ ಪಕ್ಕದಲ್ಲೇ ಮೇಲಿಂದ ಕೆಳಗೆ ಪೆನ್ಸಿಲಿನ ಗೆರೆಗಳು. ಪ್ರತಿ ಗೆರೆಯ ಮುಂದೆ ಪುಟ್ಟ ಬರಹ. ಯುಗಾದಿ, ಮೂರು ಕಾಳು. ಕಾರಹುಣ್ಣಿಮೆ, ನಾಲ್ಕು ಕಾಳು. ದೀವಳಿಗೆ, ಒಂದು ಕಾಳು. ಎಂಟು ವರ್ಷದ ಲೆಕ್ಕ!

"ಏನ್ ಕಾಳ್ರಿ?"

"ಜ್ವಾಳದ ಕಾಳ್ರಿ ಸರ. ಬಿರುಕಿನ್ಯಾಗ ಅಡ್ಡಲಾಗಿ ಎಷ್ಟ ಹಿಡಿತಾವು ನೋಡಿ ಬರದೀನ್ರಿ. ಅಳೆಯೂ ಸಾಮಾನ ಸಾಹೇಬ್ರ ಕಪಾಟಿನ್ಯಾಗ ಕೀಲಿ ಹಾಕಿ ಇಟ್ಟಾರಲ್ರಿ."

ನಿಜ. ನಮ್ಮಲ್ಲಿ ಹೊಸ ಸಾಮಾನು ಬಂದರೆ ಮೊದಲ ಕೆಲಸ ಅದನ್ನು ರಿಜಿಸ್ಟರಿನಲ್ಲಿ ಬರೆಯುವುದು. ಎರಡನೆಯ ಕೆಲಸ ಕೀಲಿ ಹಾಕುವುದು. ಮುಟ್ಟಿದರೆ ಕೆಡುತ್ತದಂತೆ. ಹತ್ತಾರು ಮಶೀನು ಹೊಸದಾಗಿ ಬೇಕೆಂದು ಪ್ಲಾನಿನಲ್ಲಿ ನಾನೇ ಬರೆದಿದ್ದೆ. ಅವಕ್ಕೆ ಎಷ್ಟು ಕೀಲಿ ಬೇಕೆಂದು ಬರೆಯಲು ಮರೆತಿದ್ದೆ, ನೋಡಿ.

ದಸ್ತಗೀರ ಸಾಬರಿಗೆ ಕಲಮು ಏಳರ ಸುದ್ದಿ ಮುಟ್ಟಿತ್ತು. ಟೈಪಿಸ್ಟನ ಬಾಯಿಯಲ್ಲಿ ಯಾವ ಗುಟ್ಟು ನಿಂತಿದೆ? ಆದರೂ ಅವರು ತಮ್ಮ ನೌಕರಿಯ ಮಾತೆತ್ತಲಿಲ್ಲ.

"ಎಲ್ಲಿ ಹಾಕಿದ್ರೂ ದುಡೀತೀನ್ರಿ ಸರ. ಆದ್ರ ಈ ಗೀಟ ಅಳಿಸಬ್ಯಾಡಂತ ಹೇಳ್ರಿ. ಹೊಸಾ ಬಿಲ್ಡಿಂಗೂ ಇದ ಎರಿ ಮ್ಯಾಲ ಕಟ್ಟತಾರ. ಹುಡುಗೂರು ಕುಂಡ್ರತಾವ ಅದರಾಗ."

ನನಗೆ ಸಿಟ್ಟು ಬಂತು, ಸಾಹೇಬರಿಗಿಂತ ಹೆಚ್ಚಾಗಿ ನನ್ನ ಮೇಲೆ. ಆರು ವರ್ಷ ಅದೇ ಲ್ಯಾಬಿನಲ್ಲಿ ಪಾಠ ಹೇಳಿದ್ದೇನೆ. ಒಂದು ದಿನವೂ ಆ ಕಪಾಟು ಸರಿಸಲಿಲ್ಲ. ನಾನು ಎಂ.ಇ. ಮಾಡಿದವನು, ಸ್ವಾಮಿ!

ಗೋಡೆಯ ಉಳಿದ ಭಾಗಕ್ಕೆಲ್ಲ ಸುಣ್ಣ ಹೊಡೆಯಿರಿ, ಬಿರುಕಿನ ಎರಡೂ ಕಡೆ ಒಂದೊಂದು ಗೇಣು ಬಿಡಿ, ಸಿಮೆಂಟೂ ಬೇಡ, ಕೇಳಿದರೆ ನನ್ನ ಹೆಸರು ಹೇಳಿ ಅಂದೆ. ಹಾಗೇ ಮಾಡಿದರು. ಸುಣ್ಣ ಒಣಗಿದ ಮೇಲೆ ಬಿರುಕು ಮೊದಲಿಗಿಂತ ಚೆನ್ನಾಗಿ ಕಾಣುತ್ತಿದೆ.

ಶುಕ್ರವಾರ ಸಾಹೇಬರ ಕೋಣೆಗೆ ನಾನೇ ಹೋದೆ. ಪೆನ್ನೂ ನನ್ನದೇ. ಮೂರೂ ಪ್ರತಿಗಳಲ್ಲಿ ಏಳನೆಯ ಕಲಮಿಗೆ ಉದ್ದಕ್ಕೆ ಗೀಟು ಎಳೆದು ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದೆ, ಅವರು ಕಲಿಸಿದ ಹಾಗೆಯೇ. ಕೊನೆಯ ಪುಟದಲ್ಲಿ ವಿಭಾಗದ ಈಗಿನ ಸಂಶೋಧನೆ ಎಂಬ ಸಾಲಿತ್ತು. ಅದರ ಮುಂದೆ ಸಾಹೇಬರು ‘ನಿಲ್’ ಎಂದು ಟೈಪ್ ಮಾಡಿಸಿದ್ದರು. ಅದನ್ನೂ ಹೊಡೆದು ಬರೆದೆ: ಎರಿ ಭೂಮಿಯ ಮೇಲಿನ ಗೋಡೆಯ ಬಿರುಕು, ಎಂಟು ವರ್ಷಗಳ ಅಳತೆ. ಅಳೆದವರು ದಸ್ತಗೀರ ಸಾಬರು, ಲ್ಯಾಬ್ ಅಟೆಂಡರ್, ನಾಲ್ಕನೇ ಇಯತ್ತೆ. ಪರೀಕ್ಷಿಸಲು ಗೋಡೆ ತೆರೆದಿದೆ. ಆಮೇಲೆ ಕೆಳಗೆ ನನ್ನ ಪೂರ್ತಿ ಸಹಿ ಹಾಕಿದೆ.

ಸಾಹೇಬರ ಮುಖ ಕೆಂಪಾಯಿತು. ಜೋಳದ ಕಾಳು ಯಾವ ದೇಶದ ಯುನಿಟ್ಟು ಎಂದು ಕೇಳಿದರು. ನಾವು ಊಟ ಮಾಡುವ ದೇಶದ್ದು ಅಂದೆ. ಬೇರೆ ಪ್ರತಿ ಟೈಪ್ ಮಾಡಿಸುತ್ತೇನೆಂದು ಹೆದರಿಸಿದರು. ಮಾಡಿಸಲಿ, ಅದಕ್ಕೂ ನನ್ನ ಸಹಿ ಬೇಕಲ್ಲ?

ನನ್ನ ಫೈಲು ಅವರ ಟೇಬಲ್ಲಿನ ಮೇಲೆ ಇನ್ನೂ ಕೂತಿದೆ. ಕೂತಿರಲಿ. ಕಮಿಟಿ ಸೋಮವಾರ ಬರುತ್ತದೆ. ದಸ್ತಗೀರ ಸಾಬರ ಹೆಸರನ್ನು ಹೊಡೆದುಹಾಕಲು ಅವತ್ತು ನನ್ನ ಎದುರಿಗೇ ಸಾಹೇಬರು ಎರಡು ಸಲ ಪೆನ್ನಿನ ಟೋಪಿ ತೆಗೆದರು, ಎರಡು ಸಲ ಮತ್ತೆ ಹಾಕಿದರು.

ಯಾಕೆಂದರೆ ಹೊಡೆದವರು ಪಕ್ಕದಲ್ಲಿ ತಮ್ಮ ಸಹಿ ಹಾಕಬೇಕಲ್ಲ?