ಕುಸುರೆಳ್ಳಿನ ಬಳೆಯ ಅಳತೆ

ಕಳೆದ ಡಿಸೆಂಬರಿನ ಎರಡನೇ ವಾರದಲ್ಲಿ, ಮಡಗಾಂವಿನ ಒಂದು ಆಸ್ಪತ್ರೆಯಲ್ಲಿ ನನ್ನ ತಂಗಿಗೆ ಹೆಣ್ಣು ಮಗು ಹುಟ್ಟಿತು. ಡಾಕ್ಟರು ಹೇಳಿದ ದಿನಕ್ಕಿಂತ ಎರಡು ತಿಂಗಳಿಗೂ ಹೆಚ್ಚು ಮುಂಚೆ. ಕೆಲವು ದಿನಗಳಾದ ಮೇಲೆ ತಂಗಿಯನ್ನು ಮನೆಗೆ ಕಳಿಸಿದರು. ಮಗು ಗಾಜಿನ ಪೆಟ್ಟಿಗೆಯಲ್ಲಿ ಉಳಿಯಿತು.

ಇದು ಅವಳ ಮೂರನೇ ಬಸಿರು. ಮೊದಲಿನ ಎರಡು ನಿಂತಿರಲಿಲ್ಲ. ಅದಕ್ಕಾಗಿ ಈ ಸಲ ಅವ್ವ ಧಾರವಾಡದಿಂದ ಫೋನಿನಲ್ಲೇ ಕಟ್ಟಪ್ಪಣೆ ಮಾಡಿದ್ದಳು: ಕೂಸು ಕೈಗೆ ಬರುವ ತನಕ ಅದರ ಹೆಸರಿನಲ್ಲಿ ಒಂದು ಚಿಂದಿಯನ್ನೂ ಎತ್ತಿಡಬಾರದು. ಹಾಗಾಗಿ ಮಗು ಹುಟ್ಟಿದಾಗ ಮನೆಯಲ್ಲಿ ಕುಂಚಿಗೆ ಇರಲಿಲ್ಲ, ತೊಟ್ಟಿಲು ಇರಲಿಲ್ಲ, ಒಂದು ಗಿಲಕಿಯೂ ಇರಲಿಲ್ಲ. ಮಗುವಿನದು ಅಂತ ತಂಗಿ ಮನೆಗೆ ತಂದದ್ದು ಹಾಲು ಹಿಂಡಿ ಆಸ್ಪತ್ರೆಗೆ ಒಯ್ಯುವ ಎರಡು ಸಣ್ಣ ಬಾಟಲಿಗಳನ್ನು ಮಾತ್ರ.

ನಾನು ಅದೇ ಊರಿನಲ್ಲಿ ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುತ್ತೇನೆ, ತಂಗಿಯ ಮನೆಯಲ್ಲೇ ಇರುತ್ತೇನೆ. ತಂಗಿಯ ಗಂಡ ಝುವಾರಿನಗರದ ಕಡೆ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಹೋಗುವಾಗ ಒಂದು ಬಾಟಲಿ ಆಸ್ಪತ್ರೆಗೆ ಮುಟ್ಟಿಸಿ ಹೋಗುತ್ತಿದ್ದ. ಮನೆಯಲ್ಲಿ ಅವನು ಮಾತನಾಡುವುದು ಆ ದಿನಗಳಲ್ಲಿ ನಿಂತೇಹೋಗಿತ್ತು.

ಹೊಸ ವರ್ಷದ ಮೊದಲ ವಾರ ಅವ್ವ ಬಂದಳು. ಅವಳ ಚೀಲದಲ್ಲಿ ಒಂದು ಹಿತ್ತಾಳೆ ಪರಾತವಿತ್ತು. ಅಗಲವಾದ, ಅಂಚಿರುವ ತಾಟು. ತಂಗಿ ಅದನ್ನು ನೋಡಿದ್ದೇ ಕೇಳಿದಳು, “ಕುಸುರೆಳ್ಳು ಮಾಡಾಕ ತಂದೀಯೇನವ್ವಾ?”

“ಅಲ್ಲಬೇ, ಚಪಾತಿ ಹಿಟ್ಟು ನಾದಾಕ,” ಎಂದಳು ಅವ್ವ. ಸುಳ್ಳು ಎಂದು ಮೂವರಿಗೂ ಗೊತ್ತಿತ್ತು.

ನಮ್ಮ ಕಡೆ ಮಗುವಿನ ಮೊದಲ ಸಂಕ್ರಾಂತಿಗೆ ಕರಿ ಬಟ್ಟೆ ತೊಡಿಸಿ, ಮೈತುಂಬ ಕುಸುರೆಳ್ಳಿನ ಒಡವೆ ಹಾಕಿ, ಐದು ಜನ ಮುತ್ತೈದೆಯರನ್ನು ಕರೆದು, ನೆತ್ತಿಯ ಮೇಲೆ ಬಾರಿಹಣ್ಣು, ಕಬ್ಬಿನ ತುಂಡು, ಚುರುಮುರಿ ಎರೆಯುತ್ತಾರೆ. ಸುತ್ತ ಕೂತ ಮಕ್ಕಳು ಅದನ್ನು ಆರಿಸಿಕೊಂಡು ತಿನ್ನುತ್ತಾರೆ. ಸಂಕ್ರಾಂತಿಯ ದಿನವೇ ಆಗಬೇಕೆಂದಿಲ್ಲ, ರಥಸಪ್ತಮಿಯವರೆಗೆ ಯಾವ ದಿನವಾದರೂ ನಡೆಯುತ್ತದೆ.

ಈ “ರಥಸಪ್ತಮಿಯವರೆಗೆ” ಎಂಬುದನ್ನೇ ತಂಗಿ ಹಿಡಿದುಕೊಂಡಳು. ಮರುದಿನ ವಾರ್ಡಿನ ಹೊರಗೆ ಡಾಕ್ಟರನ್ನು ತಡೆದು, ತಾರೀಖು ಹೇಳಿ, ಅಷ್ಟರೊಳಗೆ ಮಗುವನ್ನು ಮನೆಗೆ ಕಳಿಸುತ್ತೀರಾ ಎಂದು ಕೇಳಿದಳು. ಡಾಕ್ಟರು ಕೊಂಕಣಿಯವರು. “ಪಳೊವ್ಯಾ” ಎಂದರು. ನೋಡೋಣ ಎಂದರ್ಥ. ನಾನು ಪಕ್ಕದಲ್ಲೇ ಇದ್ದೆ. ಅವರು ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ. ಮನೆಗೆ ಬಂದು ತಂಗಿ ಅವ್ವನಿಗೆ ಹೇಳಿದ್ದು ಬೇರೆ: “ರಥಸಪ್ತಮಿ ಒಳಗ ಬರ್ತಾಳಂತ. ಡಾಕ್ಟರ್ ಹೂಂ ಅಂದ್ರು.”

ಅವ್ವ ನನ್ನ ಮುಖ ನೋಡಿದಳು. ನಾನು ತಿದ್ದಲಿಲ್ಲ.

ಕುಸುರೆಳ್ಳು ಮಾಡುವುದು ನೋಡಲು ಸುಲಭ. ಪರಾತವನ್ನು ಸಣ್ಣ ಉರಿಯ ಮೇಲಿಟ್ಟು ಎಳ್ಳು ಬೆಚ್ಚಗೆ ಮಾಡಬೇಕು. ಒಂದೆಳೆ ಪಾಕವನ್ನು ಚಮಚೆಯಿಂದ ಸ್ವಲ್ಪ ಸ್ವಲ್ಪವೇ ಬಿಡುತ್ತ, ಬೆರಳ ತುದಿಯಿಂದ ಹೊರಳಿಸುತ್ತಲೇ ಇರಬೇಕು. ದಿನಗಟ್ಟಲೆ. ಚಳಿ ಚೆನ್ನಾಗಿದ್ದರೆ ಕಾಳಿನ ಮೇಲೆ ಸಕ್ಕರೆ ಮುಳ್ಳು ಮುಳ್ಳಾಗಿ ಏಳುತ್ತದೆ. ಆ ಮುಳ್ಳೇ ಮುಖ್ಯ. ಸೂಜಿ ಚುಚ್ಚಿದರೆ ಕಾಳು ಒಡೆಯುತ್ತದೆ, ಆದ್ದರಿಂದ ದಾರವನ್ನು ಕಾಳಿಗೆ ಸುತ್ತಿ ಗಂಟು ಹಾಕುತ್ತಾರೆ. ದಾರಕ್ಕೆ ಹಿಡಿತ ಸಿಗುವುದು ಮುಳ್ಳಿನಿಂದ.

ಮಡಗಾಂವಿನ ಜನವರಿಯಲ್ಲಿ ಮುಳ್ಳು ಏಳಲಿಲ್ಲ. ಸಮುದ್ರದ ಗಾಳಿಗೆ ಸಕ್ಕರೆ ಬೆವರಿತು. ಮೊದಲ ಸಲದ ಎಳ್ಳು ಉಂಡೆಗಟ್ಟಿ ಪರಾತಕ್ಕೆ ಅಂಟಿತು. ಎರಡನೆಯದು ಕಾಳು ಕಾಳಾಗಿಯೇ ಉಳಿಯಿತು, ಆದರೆ ಗೋಲಿಯ ಹಾಗೆ ನುಣುಪು. ದಾರ ನಿಲ್ಲದೆ ಜಾರಿತು. ಅದನ್ನು ಬಟ್ಟೆ ಮುಚ್ಚಿ ಇಟ್ಟು ತಂಗಿ ಆಸ್ಪತ್ರೆಗೆ ಹೋಗಿ ಬರುವಷ್ಟರಲ್ಲಿ ಇರುವೆ ಮುತ್ತಿದ್ದವು.

ತಂಗಿ ಫೋನಿನಲ್ಲಿ ವಿಡಿಯೋ ಹುಡುಕಿದಳು. ಸಂಕ್ರಾಂತಿಯ ಒಡವೆಗಳನ್ನು ಮನೆಯಲ್ಲೇ ಸುಲಭವಾಗಿ ಮಾಡುವ ವಿಡಿಯೋಗಳು ಬೇಕಾದಷ್ಟಿದ್ದವು. ರಟ್ಟನ್ನು ಕತ್ತರಿಸಿ, ಬಂಗಾರದ ಬಣ್ಣದ ಕಾಗದ ಹಚ್ಚಿ, ಸಾಬುದಾಣಿಯನ್ನು ಅಂಟಿನಿಂದ ಕೂರಿಸಿದರೆ ಆಯಿತು. ಅವಳು ಅಂಟು, ಕಾಗದ, ಜರಿ ಲೇಸು ತಂದಳು. ಅವ್ವ ಅಂಟಿನ ಬಾಟಲಿಯನ್ನು ಎತ್ತಿ ಕಪಾಟಿನ ಮೇಲಿಟ್ಟಳು.

“ಅಂಟಿಂದು ಕೂಸಿಗೆ ಹಾಕಬಾರದು. ಬಾಯಾಗ ಹೋದ್ರ?”

“ಬಾಯಿಗೆ ನಳಗಿ ಹಾಕ್ಯಾರವ್ವಾ. ಯಾವ ಬಾಯಾಗ ಹೋಗೂದು?”

ಅವ್ವ ಆ ಬಾಟಲಿಯನ್ನು ತಾನೇ ಕೆಳಗಿಳಿಸಿ ಅವಳ ಮುಂದಿಟ್ಟಳು. ಆಮೇಲೆ ಏಸಿ ಇರುವ ಕೋಣೆಗೆ ಹೋಗಿ, ಅದನ್ನು ಎಷ್ಟು ತಣ್ಣಗೆ ಮಾಡಲು ಬರುತ್ತದೋ ಅಷ್ಟು ತಣ್ಣಗೆ ಮಾಡಲು ನನಗೆ ಹೇಳಿದಳು. ಕರೆಂಟಿನ ಒಲೆಯನ್ನು ಅಲ್ಲಿಗೇ ಒಯ್ದೆವು, ಸಪಾಟು ತಳದ ಬಾಣಲೆಯ ಮೇಲೆ ಪರಾತವಿಟ್ಟೆವು. ಅವ್ವ ಸ್ವೆಟರ್ ಹಾಕಿಕೊಂಡು, ತಲೆಗೆ ಮಫ್ಲರ್ ಸುತ್ತಿಕೊಂಡು ಒಲೆಯ ಮುಂದೆ ಕೂತಳು. ಹೊರಗೆ ಜನ ಬನಿಯನ್ನಿನಲ್ಲಿ ತಿರುಗುತ್ತಿದ್ದರು.

“ಧಾರವಾಡದಾಗ ಪುಗಸಟ್ಟೆ ಸಿಗೂ ಥಂಡಿ ಇಲ್ಲಿ ಮಿಷಿನ್ನಿಗೆ ಬೇಡಬೇಕು ನೋಡು,” ಎಂದಳು. ಹೆರಿಗೆಯಾದ ಮೇಲೆ ತಂಗಿ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಮುಳ್ಳು ಬಂತು. ಧಾರವಾಡದಷ್ಟಲ್ಲ, ದಾರ ನಿಲ್ಲುವಷ್ಟು.

ಅಳತೆಯ ಜಗಳ ಶುರುವಾದದ್ದು ಆಗ. ವಾರ್ಡಿನಲ್ಲಿ ಮಗುವಿನ ಮಣಿಕಟ್ಟಿಗೆ ಗುರುತಿನ ಪ್ಲಾಸ್ಟಿಕ್ ಪಟ್ಟಿ ಹಾಕಿದ್ದರು. ಅದು ಜಾರಿ ಜಾರಿ ಬೀಳುತ್ತಿತ್ತೆಂದು ಕತ್ತರಿಸಿ ತೆಗೆದು, ಇನ್ನೂ ಬಿಗಿಯಾದದ್ದನ್ನು ಹಾಕಿದರು. ತಂಗಿ ಹಳೆಯದನ್ನು ಕೇಳಿ ಪಡೆದು, ಮಗುವಿನ ಕೈಗೆ ಎಷ್ಟು ಸಾಕೋ ಅಲ್ಲಿಗೆ ನರ್ಸಿನ ಪೆನ್ನಿನಿಂದ ಗೆರೆ ಎಳೆಸಿಕೊಂಡು ಬಂದಳು. ಅವ್ವ ಒಡವೆಗೆ ದಾರ ಕತ್ತರಿಸುತ್ತಿದ್ದಾಗ ಅದನ್ನು ಮುಂದೆ ಹಿಡಿದಳು.

“ಬಳಿಗೆ ಇಷ್ಟ ಸಾಕು.”

ಅವ್ವ ಪಟ್ಟಿಯನ್ನು ಮುಟ್ಟಲಿಲ್ಲ. ಎರಡು ಬೆರಳು ಜೋಡಿಸಿ ತೋರಿಸಿದಳು. “ಕೂಸಿನ ಅಳತಿ ತಗೋಬಾರದು. ತಗೊಂಡ್ರ ಕೂಸು ಅಷ್ಟರಾಗ ನಿಂತುಬಿಡ್ತೈತಿ. ಎರಡು ಬಳ್ಳು ಬಿಟ್ಟು, ಬೆಳಿಯೂ ಅಳತಿಗೆ ಮಾಡೂದು. ನಿಮ್ಮಿಬ್ಬರಿಗೂ ಹಂಗ ಮಾಡೀನಿ.”

“ಎರಡು ಬಳ್ಳು ಬಿಟ್ರ ಆಕಿ ತೊಡಿಗೂ ಸಡ್ಲ ಆಗ್ತೈತಿ. ಆಕಿ ಹೆಂಗದಾಳೋ ಹಂಗ ಮಾಡೂಣು.”

“ಹಂಗ ಇರ್ತಾಳೇನ ಆಕಿ? ನಾಳಿಗೆ ಬೆಳಿಯಂಗಿಲ್ಲೇನು?”

“ನಾಳಿ ಅನ್ನೂದು ಐತೇನವ್ವಾ?”

ಅವ್ವ ಕತ್ತರಿಯನ್ನು ಕೆಳಗಿಟ್ಟು, ಮಫ್ಲರಿನ ತುದಿಯಿಂದ ಪರಾತದ ಅಂಚು ಒರೆಸಿದಳು. ಅದು ಒದ್ದೆಯಾಗಿರಲಿಲ್ಲ.

ಆ ದಿನದಿಂದ ಇಬ್ಬರೂ ಬೇರೆ ಬೇರೆ ಬಳೆ ಕಟ್ಟಿದರು. ಅವ್ವನದು ಆರು ತಿಂಗಳ ಕೂಸಿಗೆ ಆಗುವಂಥದ್ದು. ತಂಗಿಯದು ನರ್ಸು ಎಳೆದ ಗೆರೆಯಷ್ಟು. ಒಂದೇ ಪರಾತದ ಎಳ್ಳು, ಒಂದೇ ಕರಿ ದಾರ. ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕೂತಿದ್ದರು.

ಸಂಕ್ರಾಂತಿಯ ದಿನ ಮನೆಯಲ್ಲಿ ಎಳ್ಳು-ಬೆಲ್ಲ ಹಂಚಲಿಲ್ಲ. ಮರುದಿನ ಮಧ್ಯಾಹ್ನ ಆಸ್ಪತ್ರೆಯಿಂದ ಫೋನ್ ಬಂತು. ಸೋಂಕು ತಗುಲಿದೆ, ಉಸಿರಾಟಕ್ಕೆ ಮತ್ತೆ ಯಂತ್ರ ಹಚ್ಚಿದ್ದೇವೆ ಎಂದರು. ನಾವು ಹೋದಾಗ ಒಬ್ಬೊಬ್ಬರನ್ನೇ ಸ್ವಲ್ಪ ಹೊತ್ತು ಒಳಗೆ ಬಿಟ್ಟರು. ಮಗುವಿನ ಬಣ್ಣ ಬೇರೆಯಾಗಿತ್ತು. ಈ ಸಲ ಡಾಕ್ಟರು “ಪಳೊವ್ಯಾ” ಎಂದೂ ಅನ್ನಲಿಲ್ಲ.

ಮನೆಗೆ ಬಂದ ತಂಗಿ ಕೈ ತೊಳೆದುಕೊಂಡು ಸೀದಾ ಪರಾತದ ಮುಂದೆ ಕೂತಳು. ಅವ್ವ ಒಲೆ ಆರಿಸಿದಳು. ತಂಗಿ ಹಚ್ಚಿದಳು. ಅವ್ವ ಮತ್ತೆ ಆರಿಸಿದಳು.

“ಬ್ಯಾಡವಾ. ಇವತ್ತು ಬ್ಯಾಡ.”

“ನಾ ಕೈ ಬಿಟ್ರ ಆಕೀನೂ ಬಿಡ್ತಾಳು,” ಎಂದು ತಂಗಿ ಒಲೆ ಹಚ್ಚಿದಳು. ಆಮೇಲೆ ಅವ್ವ ಆರಿಸಲಿಲ್ಲ.

ಅಲ್ಲಿಂದ ಮುಂದಿನ ದಿನಗಳಲ್ಲಿ ಅವಳು ಮಾಡಿದ್ದಕ್ಕೆ ಮಿತಿ ಇರಲಿಲ್ಲ. ಕೊರಳ ಸರ, ತೋಳಬಂದಿ, ನಡುಪಟ್ಟಿ, ಹಣೆಯ ಬೈತಲೆಮಣಿ. ಎಲ್ಲವೂ ಆ ಪ್ಲಾಸ್ಟಿಕ್ ಪಟ್ಟಿಯ ಲೆಕ್ಕಕ್ಕೆ. ಅವು ಮುಗಿದ ಮೇಲೆ ಮನೆಯನ್ನು ಸಿಂಗರಿಸಲು ಹತ್ತಿದಳು. ಹಳೆಯ ಗಾಜಿನ ಬಳೆಗಳಿಗೆ ರೇಷ್ಮೆ ದಾರ ಸುತ್ತಿ ಬಾಗಿಲಿಗೆ ತೋರಣ ಮಾಡಿದಳು. ರಟ್ಟಿನ ವೃತ್ತಗಳಿಗೆ ಬಣ್ಣದ ಅಕ್ಕಿ ಅಂಟಿಸಿ, ಎತ್ತಿಡಲು ಬರುವಂಥ ರಂಗೋಲಿ ಮಾಡಿದಳು. ತನ್ನ ಮದುವೆಯ ಸೀರೆಯ ಜರಿ ಅಂಚನ್ನು ಬಿಚ್ಚಿ, ಇನ್ನೂ ತರದ ತೊಟ್ಟಿಲಿಗೆ ಝಾಲರಿ ಹೊಲಿದಳು. ಅವಳ ಗಂಡ ಕೆಲಸದಿಂದ ಬಂದು, ಬೂಟು ಬಿಚ್ಚಿ, ಅಂಟು ಒಣಗುವವರೆಗೆ ರಟ್ಟು ಹಿಡಿದುಕೊಂಡು ಕೂರುತ್ತಿದ್ದ. ಅವನ ಬೆರಳುಗಳ ಮೇಲೆ ಅಂಟಿನ ಸಿಪ್ಪೆ ಇರುತ್ತಿತ್ತು. ಮನೆಗೆ ಬಂದವರು ಯಾರಾದರೂ ನೋಡಿದ್ದರೆ ದೊಡ್ಡ ಸಮಾರಂಭವಿದೆ ಅಂದುಕೊಳ್ಳುತ್ತಿದ್ದರು. ಯಾರೂ ಬರಲಿಲ್ಲ. ನಾವು ಯಾರನ್ನೂ ಕರೆದಿರಲಿಲ್ಲ.

ಅವ್ವ ಕರಿ ಬಟ್ಟೆಯಲ್ಲಿ ಒಂದು ಕುಂಚಿಗೆ ಹೊಲಿದಳು, ತಲೆಯಿಂದ ಬೆನ್ನಿಗೆ ಇಳಿಬೀಳುವ ಕೂಸಿನ ಟೊಪ್ಪಿಗೆ. ಅದೂ ಬೆಳೆಯುವ ಅಳತೆಗೆ. ಅದನ್ನೂ ತನ್ನ ಎರಡು ಬಳೆಗಳನ್ನೂ ಒಂದು ಡಬ್ಬಿಗೆ ಹಾಕಿ, ಮುಚ್ಚಳದ ಸುತ್ತ ಹಿಟ್ಟು ಮೆತ್ತಿದಳು. ಗಾಳಿ ಹೋಗಬಾರದೆಂದು.

ರಥಸಪ್ತಮಿ ಬಂತು. ಮಗು ಮನೆಗೆ ಬರಲಿಲ್ಲ.

ಬೆಳಗ್ಗೆ ತಂಗಿ ಸ್ಟೀಲಿನ ಕುಂಕುಮದ ಡಬ್ಬಿಯೊಂದರಲ್ಲಿ ತನ್ನ ಎರಡು ಸಣ್ಣ ಬಳೆಗಳನ್ನು ಇಟ್ಟುಕೊಂಡು ಹೊರಟಳು. ನಾನು ಜೊತೆಗೆ ಹೋದೆ. ವಾರ್ಡಿನ ಬಾಗಿಲಲ್ಲಿ ಆಯಾ ಇದ್ದಳು. ಬಂದರಿನ ಪಕ್ಕದ ಸಡಾದವಳು. ಅವಳ ಹಿರಿಯರು ಬಂದರಿನ ಕೆಲಸಕ್ಕೆಂದು ವಿಜಯಪುರದ ಕಡೆಯಿಂದ ಬಂದವರು. ಬಾಯಿ ಜೋರು. ನಮ್ಮ ಕನ್ನಡ ಕೇಳಿದ ದಿನದಿಂದ ತಂಗಿಯನ್ನು ಯಕ್ಕಾ ಎನ್ನುತ್ತಿದ್ದಳು.

“ಏನ್ ಯಕ್ಕಾ, ಇವತ್ತ ನನಗ ಪ್ರಸಾದ ತಂದೀಯೇನು?” ಎಂದು ಡಬ್ಬಿ ತೆಗೆದು ನೋಡಿದಳು. “ಅಯ್ಯ, ಕುಸುರೆಳ್ಳಿನ ಉಂಗರ!”

“ಉಂಗರಲ್ಲ. ಬಳಿ.”

“ಬಳಿ? ಇದು ನನ್ನ ಕಿರುಬಳ್ಳಿಗೂ ಏರಂಗಿಲ್ಲಲ್ಲ ಯಕ್ಕಾ—” ಎಂದವಳು ಡಬ್ಬಿ ಮುಚ್ಚಿ ವಾಪಸು ಕೊಟ್ಟಳು. “ತಡಿ, ಬಾಯಾರನ್ನ ಕರಿತೀನಿ.”

ನರ್ಸು ಹೊರಗೆ ಬಂದರು. ತಂಗಿ ಹಿಂದಿಯಲ್ಲಿ ಕೇಳಿದಳು: ತೊಡಿಸಬೇಡಿ, ಮಗುವಿಗೆ ಮುಟ್ಟಿಸುವುದೂ ಬೇಡ, ಪೆಟ್ಟಿಗೆಯ ಗಾಜಿನ ಮೇಲೆ ಒಂದು ಗಳಿಗೆ ಇಟ್ಟು ತೆಗೆಯಿರಿ. ಇವತ್ತು ಕಡೇ ದಿನ. ನರ್ಸು ಪೂರ್ತಿ ಕೇಳಿಸಿಕೊಂಡರು. ಸಕ್ಕರೆ ಒಳಗೆ ಬಂದರೆ ಇರುವೆ ಬರುತ್ತವೆ, ಒಳಗೆ ಬೇರೆಯವರ ಮಕ್ಕಳೂ ಇದ್ದಾರೆ, ಆಗುವುದಿಲ್ಲ ಎಂದರು. ತಂಗಿ ಅವರ ಕೈ ಹಿಡಿದಳು. ಕಾಲು ಮುಟ್ಟಲು ಬಗ್ಗಿದಳು. ನರ್ಸು ಹಿಂದೆ ಸರಿದು, ಹಾಗೆ ಮಾಡಬೇಡಿ ಎಂದು ಹೇಳಿ ಒಳಗೆ ಹೋದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ತಂಗಿ ಕಾರಿಡಾರಿನ ಬೆಂಚಿನ ಮೇಲೆ ಕೂತಳು. ಬಳೆಗಳನ್ನು ಡಬ್ಬಿಯಿಂದ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಳು. ಹಾಲು ಹಿಂಡುವ ಹೊತ್ತಾಯಿತೆಂದು ಆಯಾ ಬಂದು ಕರೆದಾಗ ಮುಷ್ಟಿ ಬಿಚ್ಚಿದಳು. ಸಕ್ಕರೆ ಕರಗಿ ಬೆರಳ ಸಂದಿಯಲ್ಲಿ ಇಳಿದಿತ್ತು. ಅಂಗೈಯಲ್ಲಿ ಕರಿ ದಾರ ಮತ್ತು ಬರಿ ಎಳ್ಳು ಅಂಟಿಕೊಂಡಿದ್ದವು. ಆಯಾ ಅವಳನ್ನು ನಲ್ಲಿಯ ಬಳಿ ಒಯ್ದು, ಮಗುವಿನ ಕೈ ತೊಳೆದ ಹಾಗೆ ಎರಡೂ ಕೈಗಳನ್ನು ಸೋಪು ಹಚ್ಚಿ ತೊಳೆದಳು.

ಮನೆಯಲ್ಲಿ ಊಟಕ್ಕೆ ಬಡಿಸುವಾಗ ಅವ್ವ ಗೋಡೆಯ ಕಡೆ ನೋಡುತ್ತ, “ಮೂರನೇ ವರ್ಷಕ್ಕೂ ಬಾರಿಹಣ್ಣು ಎರಿಬಹುದು. ಐದಕ್ಕೂ ಎರಿಬಹುದು. ಒಟ್ಟ ಬೆಸ ವರ್ಷ ಇರಬೇಕು,” ಎಂದಳು. ತಂಗಿ ಎದ್ದು ಹೋಗಿ ಬಾಗಿಲ ತೋರಣ ಬಿಚ್ಚಿದಳು. ತಾನು ಮಾಡಿದ ಉಳಿದ ಒಡವೆಗಳನ್ನು ಕಸದ ಬುಟ್ಟಿಗೆ ಹಾಕಿದಳು. ಅವ್ವನ ಡಬ್ಬಿಯನ್ನು ಮುಟ್ಟಲಿಲ್ಲ.

ಮರುದಿನದಿಂದ ಅವಳು ಏನೂ ಮಾಡಲಿಲ್ಲ. ಹಾಲು ಹಿಂಡುತ್ತಿದ್ದಳು, ಆಸ್ಪತ್ರೆಗೆ ಹೋಗಿ ಬರುತ್ತಿದ್ದಳು, ಗೋಡೆಗೆ ಒರಗಿ ಕೂರುತ್ತಿದ್ದಳು. ಅವ್ವ ಊರಿಗೆ ಹೋಗುವ ಮಾತನ್ನು ಎತ್ತಲಿಲ್ಲ. ಪರಾತದಲ್ಲಿ ನಿಜಕ್ಕೂ ಚಪಾತಿ ಹಿಟ್ಟು ನಾದತೊಡಗಿದಳು.

ಇದನ್ನು ಬರೆಯುತ್ತಿರುವಾಗ ಮಗು ಇನ್ನೂ ಆಸ್ಪತ್ರೆಯಲ್ಲಿದೆ. ಉಸಿರಿನ ಯಂತ್ರವನ್ನು ಕಳೆದ ವಾರ ತೆಗೆದು, ಮೂಗಿಗೆ ಸಣ್ಣ ಕೊಳವೆ ಇಟ್ಟಿದ್ದಾರೆ. ಮನೆಗೆ ಯಾವಾಗ ಎಂದು ತಂಗಿ ಕೇಳಿಲ್ಲ, ಡಾಕ್ಟರು ಹೇಳಿಲ್ಲ. ಡಬ್ಬಿಯ ಮುಚ್ಚಳಕ್ಕೆ ಮೆತ್ತಿದ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು, ಅವ್ವ ಮೊನ್ನೆ ಮತ್ತೆ ಮೆತ್ತಿದ್ದಾಳೆ.

ಇಂದು ಬೆಳಗ್ಗೆ ವಾರ್ಡಿನಲ್ಲಿ ಮಗುವಿನ ಮಣಿಕಟ್ಟಿನ ಪಟ್ಟಿಯನ್ನು ಕತ್ತರಿಸಿ ತೆಗೆದು, ಬೇರೆ ಹಾಕಿದರು. ಹಳೆಯದು ಬಿಗಿಯಾಗಿತ್ತು.